ಎರಡು ಸಹಿಯ ಚೆಕ್ಕು

"ಗುರುಗಳೇ, ಇದರಲ್ಲಿ ನಾವು ಕಳೆದುಕೊಂಡದ್ದಾದರೂ ಏನು?" ಎಂದು ಕೊಟ್ರಯ್ಯ ಕೇಳಿದ.

ಕೊಟ್ರಯ್ಯ ಮಠದ ವಿದ್ಯಾರ್ಥಿ ನಿಲಯದ ಲೆಕ್ಕ ನೋಡಿಕೊಳ್ಳುವ ಶಿಷ್ಯ. ಕರೆಂಟು ಬಿಲ್ಲು, ನೀರಿನ ಬಿಲ್ಲು, ದಿನಸಿ ಅಂಗಡಿಯ ಬಿಲ್ಲು, ಎಲ್ಲವನ್ನೂ ಆ ತಿಂಗಳಿನಿಂದ ಫೋನಿನಲ್ಲೇ ಕಟ್ಟತೊಡಗಿದ್ದ. ಉಳಿದಿದ್ದ ಚೆಕ್ ಪುಸ್ತಕವನ್ನು ಬ್ಯಾಂಕಿಗೆ ಹಿಂದಿರುಗಿಸಿ ಬಂದು, ತಿಂಗಳಿಗೆ ನಾಲ್ಕು ದಿನದ ಓಡಾಟ ತಪ್ಪಿತು ಎಂದು ಹೇಳಿದ. ಗುರುಗಳು ಶಹಬ್ಬಾಸ್ ಅನ್ನುತ್ತಾರೆಂದು ಕಾದ. ಅವರು ಬರಿಯ "ಹೂಂ" ಅಂದರು. ಅವನಿಗೆ ಕೊಂಚ ಸಿಟ್ಟು ಬಂತು. ಪ್ರಶ್ನೆ ಹುಟ್ಟಿದ್ದು ಆ ಸಿಟ್ಟಿನಿಂದ.

"ಏನೂ ಕಳೆದುಕೊಳ್ಳದೆಯೂ ಇರಬಹುದು," ಎಂದರು ಗುರುಗಳು. "ಒಂದು ಕತೆ ಹೇಳುತ್ತೇನೆ. ಕೇಳಿಸಿಕೊಂಡು ನೀನೇ ಲೆಕ್ಕ ಹಾಕು."

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನದೊಂದು ಮಂಡಕ್ಕಿ ಭಟ್ಟಿ. ಅವನಿಗೆ ಇಬ್ಬರು ಗಂಡುಮಕ್ಕಳು. ಇಬ್ಬರೂ ಒಳ್ಳೆಯವರು, ಇಬ್ಬರೂ ಹಟಮಾರಿಗಳು. ತಂದೆಗೆ ಮಕ್ಕಳ ಗುಣ ಗೊತ್ತಿತ್ತು. ಸಾಯುವ ಮುನ್ನ ಅವನು ಭಟ್ಟಿಯ ಖಾತೆಗೆ ಒಂದು ಕಟ್ಟುಪಾಡು ಮಾಡಿಟ್ಟ. ಅಣ್ಣ ತಮ್ಮ ಇಬ್ಬರ ಸಹಿಯೂ ಇಲ್ಲದೆ ಯಾವ ಚೆಕ್ಕೂ ಪಾಸಾಗಕೂಡದು.

ಅಣ್ಣನಿಗೆ ಮಕ್ಕಳಾಗಲಿಲ್ಲ. ತಮ್ಮನ ಮಗಳನ್ನೇ ಹೆಗಲ ಮೇಲೆ ಹೊತ್ತು ಬೆಳೆಸಿದ. ಅವಳ ಮದುವೆ ಗೊತ್ತಾಯಿತು. ಲಗ್ನಪತ್ರಿಕೆ ಮಾಡಿಸುವ ಕೆಲಸವನ್ನು ತಮ್ಮ ತನ್ನ ಹೆಂಡತಿಯ ಅಣ್ಣನಿಗೆ ಒಪ್ಪಿಸಿದ. ಆ ಮಹಾರಾಯ ಆಹ್ವಾನಿಸುವವರ ಸಾಲಿನಲ್ಲಿ ತನ್ನ ಹೆಸರನ್ನು ಮೇಲೆ ಹಾಕಿಸಿಕೊಂಡು, ಹುಡುಗಿಯ ದೊಡ್ಡಪ್ಪನ ಹೆಸರನ್ನು ಕೆಳಗೆ ಹಾಕಿಸಿದ. ಯಾರಾದರೂ ನೋಡುವ ಹೊತ್ತಿಗೆ ಎಂಟುನೂರು ಪತ್ರಿಕೆ ಅಚ್ಚಾಗಿ ಊರೆಲ್ಲ ಹಂಚಿಯಾಗಿತ್ತು. ಅಣ್ಣ ಮದುವೆಗೆ ಹೋಗಲಿಲ್ಲ. ಅಕ್ಕಿಕಾಳು ಹಾಕಲು ದೊಡ್ಡಪ್ಪ ಬರಲಿಲ್ಲವಲ್ಲ ಎಂದು ಹುಡುಗಿ ಮಂಟಪದಲ್ಲೇ ಅತ್ತಳು. ಮಗಳ ಕಣ್ಣೀರು ಕಂಡ ತಮ್ಮ, ಇನ್ನು ಅಣ್ಣನ ಜೊತೆ ಮಾತಿಲ್ಲ ಎಂದು ಆಣೆಯಿಟ್ಟ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇಂಥದ್ದಕ್ಕೇ. ಮದುವೆಯಾದ ಹುಡುಗಿಗೆ ಎರಡು ಮಕ್ಕಳಾದವು. ಪತ್ರಿಕೆಯ ಜಗಳ ಹಾಗೇ ಉಳಿಯಿತು.

ಆದರೆ ಭಟ್ಟಿ ನಡೆಯಬೇಕಲ್ಲ. ಭತ್ತದವನಿಗೆ ಕೊಡಬೇಕು, ಉರುವಲಿನ ಹೊಟ್ಟಿನವನಿಗೆ ಕೊಡಬೇಕು, ಕರೆಂಟು ಬಿಲ್ಲು ಕಟ್ಟಬೇಕು. ಭಟ್ಟಿಯ ಉಸ್ತುವಾರಿ ತಮ್ಮನದು. ಚೆಕ್ ಪುಸ್ತಕ ಇದ್ದದ್ದು ಅಣ್ಣನ ಮನೆಯಲ್ಲಿ. ಹಾಗಾಗಿ ಪ್ರತಿ ತಿಂಗಳು ಹತ್ತನೇ ತಾರೀಕು ತಮ್ಮ ಬಿಲ್ಲುಗಳನ್ನು ಹಿಡಿದು ಊರಿನ ಆ ತುದಿಯಿಂದ ಈ ತುದಿಗೆ ನಡೆದು ಬರುತ್ತಿದ್ದ. ಪಡಸಾಲೆಯಲ್ಲಿ ಕೂರುತ್ತಿದ್ದ. ಅಣ್ಣ ಒಂದೊಂದೇ ಚೆಕ್ಕು ಬರೆದು, ಸಹಿ ಹಾಕಿ, ಮುಂದಕ್ಕೆ ಸರಿಸುತ್ತಿದ್ದ. ತಮ್ಮ ಸಹಿ ಹಾಕುತ್ತಿದ್ದ. ಒಂದು ಮಾತಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆಯಿದೆ. ಇವರಿಬ್ಬರಿಗೂ ಬಾಯಿ ಇತ್ತು, ಊಟಕ್ಕೆ ಮಾತ್ರ. ಮನೆಗೆ ಬಂದವರು ಬರಿಬಾಯಲ್ಲಿ ಹೋಗಬಾರದೆಂದು ಅಣ್ಣನ ಹೆಂಡತಿ ಒಂದು ಲೋಟ ಚಹಾ ತಂದಿಡುತ್ತಿದ್ದಳು. ತಮ್ಮ ಅದನ್ನು ಕುಡಿದು ಎದ್ದು ಹೋಗುತ್ತಿದ್ದ.

ಒಂದು ಸಲ ಅಣ್ಣ ಚೆಕ್ಕಿನಲ್ಲಿ ಅಂಕಿಯಲ್ಲಿ ಒಂದು ಮೊತ್ತ, ಅಕ್ಷರದಲ್ಲಿ ಇನ್ನೊಂದು ಮೊತ್ತ ಬರೆದುಬಿಟ್ಟ. ಅದನ್ನು ಹರಿದು ಬೇರೆ ಬರೆಯಬೇಕಾಯಿತು. ತಮ್ಮ ಇನ್ನೂ ಐದು ನಿಮಿಷ ಕೂರಬೇಕಾಯಿತು. ಅತ್ತಿಗೆ ಎರಡನೇ ಲೋಟ ಚಹಾ ತಂದಳು. ಅದನ್ನೂ ಕುಡಿದ.

ಮರುತಿಂಗಳೂ ಅಣ್ಣ ತಪ್ಪಿದ. ಅದರ ಮರುತಿಂಗಳೂ ತಪ್ಪಿದ. ನಲವತ್ತು ವರ್ಷ ಕೂಡಿ ಕಳೆಯುವುದರಲ್ಲಿ ಒಂದು ಬಿಡಿಗಾಸು ತಪ್ಪದ ಮನುಷ್ಯ ಹತ್ತನೇ ತಾರೀಕು ಬಂದರೆ ಎರಡು ಚೆಕ್ಕನ್ನಾದರೂ ಕೆಡಿಸುತ್ತಿದ್ದ. ನಿಮ್ಮ ಪುಸ್ತಕ ಯಾಕೆ ಇಷ್ಟು ಬೇಗ ಮುಗಿಯುತ್ತದೆ ಎಂದು ಬ್ಯಾಂಕಿನವರು ಕೇಳಿದರು. ವಯಸ್ಸಾಯಿತು ಎಂದ. ಹೆಂಡತಿಗೆ ಗೊತ್ತಿತ್ತು. ಅವನಿಗೆ ತಮ್ಮ ಬೇಕಾಗಿದ್ದ. ಬಾಯಿಬಿಟ್ಟು ಹೇಳುವುದಕ್ಕೆ ಆ ಪತ್ರಿಕೆ ಅಡ್ಡ ನಿಂತಿತ್ತು. ತಮ್ಮನಿಗೂ ಗೊತ್ತಿತ್ತೋ ಏನೋ. ಎರಡನೇ ಲೋಟ ಬರುವ ತನಕ ಅವನೂ ಎದ್ದವನಲ್ಲ. ಹೀಗೆ ಏಳು ವರ್ಷ ನಡೆಯಿತು.

ಆಮೇಲೆ ಕಾಲ ಬದಲಾಯಿತು. ಚೆಕ್ಕು ಬೇಡ, ದುಡ್ಡು ಕೈಸೇರಲು ಮೂರು ದಿನ ಕಾಯಬೇಕು ಎಂದ ಭತ್ತದವನು. ಕರೆಂಟು ಬಿಲ್ಲು ಕಟ್ಟುವ ಕಿಟಕಿಯಲ್ಲೂ ಇನ್ನು ಚೆಕ್ಕು ತೆಗೆದುಕೊಳ್ಳುವುದಿಲ್ಲ ಎಂದು ಬರೆದು ಅಂಟಿಸಿದರು. ಅವರದೇನೂ ತಪ್ಪಿಲ್ಲ. ಕಾಯುವ ಕಷ್ಟ ಕಾಯುವವನಿಗೇ ಗೊತ್ತು. ಮುಂದಿನ ಹತ್ತನೇ ತಾರೀಕು ಬ್ಯಾಂಕಿನ ಅಧಿಕಾರಿಯೊಬ್ಬ ತಮ್ಮನ ಜೊತೆಯಲ್ಲೇ ಮನೆಗೆ ಬಂದ. ಒಂದು ಅರ್ಜಿಯನ್ನು ಇಬ್ಬರ ನಡುವೆ ಇಟ್ಟ.

"ಇದಕ್ಕೆ ಇಬ್ರೂ ಒಂದೊಂದು ಸಹಿ ಹಾಕಿಬಿಡಿ ಯಜಮಾನ್ರೇ," ಎಂದ. "ಇನ್ಮೇಲೆ ಯಾರಾದ್ರೂ ಒಬ್ರು ಫೋನಲ್ಲೇ ಕಟ್ಟಬಹುದು. ಒಬ್ಬರ ಮುಖ ಒಬ್ಬರು ನೋಡೋ ಕಷ್ಟಾನೇ ಇರಲ್ಲ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ತಮ್ಮ ಬೇಡ ಅನ್ನಲಿ ಎಂದು ಅಣ್ಣ ಕಾದ. ಅಣ್ಣ ಬೇಡ ಅನ್ನಲಿ ಎಂದು ತಮ್ಮ ಕಾದ. ಇವನಿಗೆ ನನ್ನ ಮುಖ ನೋಡುವುದೇ ಕಷ್ಟವಾಗಿತ್ತೇ ಎಂದು ಒಬ್ಬೊಬ್ಬನೂ ಒಳಗೊಳಗೇ ನೊಂದುಕೊಂಡ. ಇಬ್ಬರೂ ಸಹಿ ಹಾಕಿದರು. ಆವತ್ತು ಅಣ್ಣನ ಕೈ ಒಂದಕ್ಷರವೂ ತಪ್ಪಲಿಲ್ಲ. ತಪ್ಪಿದ್ದರೆ ಎಷ್ಟು ಚೆನ್ನಾಗಿತ್ತು!

ಮರುತಿಂಗಳು ತಮ್ಮ ಭಟ್ಟಿಯಲ್ಲಿ ಕೂತಲ್ಲೇ ಎಲ್ಲ ಬಿಲ್ಲು ಕಟ್ಟಿದ. ಅಣ್ಣನ ಫೋನಿಗೆ ಹಣ ಪಾವತಿಯಾಗಿದೆ ಎಂಬ ಸಂದೇಶ ಬಂತು. ಅದರಲ್ಲಿ ತಮ್ಮನ ಹೆಸರೂ ಇರಲಿಲ್ಲ. ಅತ್ತಿಗೆ ಎರಡು ತಿಂಗಳು ಹತ್ತನೇ ತಾರೀಕು ಚಹಾಕ್ಕೆ ನೀರು ಜಾಸ್ತಿ ಇಟ್ಟಳು. ಮೂರನೇ ತಿಂಗಳು ಇಡಲಿಲ್ಲ.

ವರ್ಷ ತುಂಬುವ ಹೊತ್ತಿಗೆ ಅಣ್ಣನಿಗೆ ಹೊಟ್ಟೆಯಲ್ಲಿ ಗಂಟು ಇದೆ ಎಂದು ತಿಳಿಯಿತು. ಉಳಿದಿರುವುದು ಕೆಲವು ವಾರ ಎಂದರು ಡಾಕ್ಟರು. ಮನೆಯವರು ಊರವರಿಗೆ ಗ್ಯಾಸ್ಟ್ರಿಕ್ ಎಂದು ಹೇಳಿದರು. ಮೈದುನನಿಗೆ ಹೇಳಿಕಳಿಸುತ್ತೇನೆ ಎಂದಳು ಹೆಂಡತಿ. ಹೇಳಕೂಡದೆಂದು ಅಣ್ಣ ಆಣೆ ಹಾಕಿಸಿಕೊಂಡ. ಸುದ್ದಿ ಕೇಳಿ ಬಂದರೆ ಅದು ಕನಿಕರ. ತಾನಾಗಿ ಬಂದರೆ ತಮ್ಮ. ಸಾಯುವವನಿಗೂ ಇಂಥ ಬಿಂಕ ಇರುತ್ತದೆ. ಅದಕ್ಕೆ ನಗಬೇಕೋ ಅಳಬೇಕೋ ನನಗೆ ಇವತ್ತಿಗೂ ತಿಳಿಯದು.

ಹತ್ತನೇ ತಾರೀಕು ಬಂತು. ಅಣ್ಣ ಹಾಸಿಗೆಯಲ್ಲೇ ಎದ್ದು ಕೂತು ಹಳೆಯ ಚೆಕ್ ಪುಸ್ತಕ ತರಿಸಿಕೊಂಡ. ಭಟ್ಟಿಯ ಕರೆಂಟು ಬಿಲ್ಲಿಗೆಂದು ಒಂದು ಚೆಕ್ಕು ಬರೆದ. ಅಂಕಿಯಲ್ಲಿ ಹದಿನೆಂಟು ಸಾವಿರ, ಅಕ್ಷರದಲ್ಲಿ ಎಂಬತ್ತು ಸಾವಿರ. ಸಹಿ ಹಾಕಿದ. ಭಟ್ಟಿಗೆ ಮೂಟೆ ಹೊರುವ ಹಮಾಲನೊಬ್ಬ ಆ ದಾರಿಯಲ್ಲಿ ಹೋಗುತ್ತಿದ್ದ. ತಮ್ಮನ ಸಹಿ ಬೇಕಂತೆ ಎಂದು ಹೇಳಿಸಿ, ಹೆಂಡತಿಯ ಕೈಯಲ್ಲಿ ಬಾಗಿಲಲ್ಲೇ ಅವನಿಗೆ ಕೊಡಿಸಿದ.

ತಮ್ಮ ಚೆಕ್ಕನ್ನು ನೋಡಿದ. ಆ ಬಿಲ್ಲನ್ನು ಅವನು ಬೆಳಿಗ್ಗೆಯೇ ಕಟ್ಟಿದ್ದ. ಅಣ್ಣನಿಗೆ ನನ್ನ ಮೇಲೆ ನಂಬಿಕೆಯಿಲ್ಲ, ಲೆಕ್ಕ ತನಿಖೆ ಮಾಡುತ್ತಿದ್ದಾನೆ ಎಂದುಕೊಂಡ. ಸಿಟ್ಟಿನ ಕಣ್ಣಿಗೆ ಹದಿನೆಂಟೂ ಕಾಣಲಿಲ್ಲ, ಎಂಬತ್ತೂ ಕಾಣಲಿಲ್ಲ.

"ಬಿಲ್ ಕಟ್ಟಿ ಆತು ಅಂತ ಹೇಳು," ಎಂದು ಹಮಾಲನ ಕೈಗೆ ವಾಪಸು ಕೊಟ್ಟ. "ಈ ಕಾಗದ ಈಗ ಯಾರೂ ತಗಳಲ್ಲ."

ಹಮಾಲ ಹೋಗಿ ಹೇಳಿದ. ಹೇಳಿದ್ದನ್ನು ಇದ್ದಂತೆಯೇ ಹೇಳುವ ಪ್ರಾಮಾಣಿಕ ಅವನು. ಅಣ್ಣ ಚೆಕ್ಕನ್ನು ಹೆಂಡತಿಯ ಕೈಯಿಂದ ಇಸಿದುಕೊಂಡು ದಿಂಬಿನ ಕೆಳಗಿಟ್ಟುಕೊಂಡ. ಆಮೇಲೆ ಅವನು ಎದ್ದು ಕೂರಲಿಲ್ಲ. ಎಂಟನೆಯ ದಿನ ಬೆಳಗಿನ ಜಾವ ಹೋದ.

ಸುದ್ದಿ ತಿಳಿದು ತಮ್ಮ ಓಡಿ ಬಂದ. ಅಣ್ಣನನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ಮೈಯಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ. ಅದನ್ನು ನೋಡಿ ತಮ್ಮನಿಗೆ ಇದು ಬಹಳ ದಿನದ ಕಾಯಿಲೆ ಎಂದು ಅರ್ಥವಾಯಿತು. ಅತ್ತಿಗೆಯ ಮೇಲೆ ಹರಿಹಾಯ್ದ.

"ಇಷ್ಟು ದಿನ ನನಗೊಂದು ಮಾತು ಹೇಳಬಾರದಿತ್ತಾ ಅತ್ತಿಗೆ? ಹೇಳಿದ್ರೆ ಬರ್ತಿರಲಿಲ್ವಾ ನಾನು?"

"ಚೆಕ್ಕು ಕಳಿಸಿದ್ರಲ್ಲಪ್ಪಾ," ಎಂದಳು ಅತ್ತಿಗೆ.

ದಿಂಬಿನ ಕೆಳಗಿಂದ ತೆಗೆದು ಅವನ ಕೈಗೆ ಕೊಟ್ಟಳು. ತಮ್ಮ ಈಗ ಅಂಕಿಯನ್ನು ಓದಿದ. ಅಕ್ಷರವನ್ನು ಓದಿದ. ನೆರೆದವರೆಲ್ಲ ನೋಡುತ್ತಿರುವಂತೆ ಅಣ್ಣನ ಪಕ್ಕದಲ್ಲಿ ನೆಲಕ್ಕೆ ಕೂತ. ಜೇಬಿನಿಂದ ಪೆನ್ನು ತೆಗೆದು, ಅಣ್ಣನ ಸಹಿಯ ಪಕ್ಕದಲ್ಲಿ ತನ್ನ ಸಹಿ ಹಾಕಿದ. ಹೊತ್ತಾಯಿತು ಎಂದು ಹಿರಿಯರೊಬ್ಬರು ಬಂದು ಎಬ್ಬಿಸುವ ತನಕ ಅವನು ಏಳಲಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಕೊಟ್ರಯ್ಯನಿಗೆ ಸಂಕಟವಾಯಿತು. ಸಂಕಟಕ್ಕಿಂತ ಹೆಚ್ಚು ಸಿಟ್ಟು ಬಂತು. "ಇದರಲ್ಲಿ ಫೋನಿನ ತಪ್ಪೇನು ಬಂತು ಗುರುಗಳೇ? ಒಂದೇ ಊರು. ನಡೆದರೆ ಅರ್ಧ ಗಂಟೆಯ ದಾರಿ. ಬಿಲ್ಲಿನ ನೆಪ ಇಲ್ಲದಿದ್ದರೆ ಏನಾಯಿತು? ಆ ತಮ್ಮ ಸುಮ್ಮನೆ ಒಂದು ದಿನ ಅಣ್ಣನ ಮನೆಗೆ ಹೋಗಬಹುದಿತ್ತಲ್ಲ?"

"ಫೋನಿನ ತಪ್ಪು ಎಂದು ನಾನು ಹೇಳಲೇ ಇಲ್ಲ," ಎಂದರು ಗುರುಗಳು. "ಅದಿರಲಿ ಕೊಟ್ರಯ್ಯ, ಯಾವ ಕೆಲಸವೂ ಇಲ್ಲದೆ ಸುಮ್ಮನೆ ನೀನು ಕಡೆಯ ಸಲ ಹೋದದ್ದು ಯಾರ ಮನೆಗೆ?"