ಬಾಲ ಹೇಳಿದ ಅರ್ಥ

ನಿಘಂಟು ಬರೆಯುತ್ತಿದ್ದ ಪಂಡಿತರೊಬ್ಬರು ‘ಲವಲವಿಕೆ’ಯ ಅರ್ಥಕ್ಕಾಗಿ ತಡಕಾಡುತ್ತಿದ್ದರು. ಆಗ ಅವರ ಬೆಕ್ಕು ಗೋಡೆಯ ಹಲ್ಲಿಯ ಮೇಲೆರಗಿತು. ಹಲ್ಲಿ ಬಾಲ ಕಳಚಿಕೊಂಡು ತೊಲೆ ಹತ್ತಿ ಅಲ್ಲಾಡದೆ ಕೂತಿತು. ಬಾಲ ಪಂಡಿತರ ಹಾಳೆಯ ಮೇಲೆ ಬಿದ್ದು ವಿಲವಿಲನೆ ಹೊರಳಾಡತೊಡಗಿತು.

“ಬರೆದುಕೊಳ್ಳಿ ಪಂಡಿತರೇ,” ಎಂದಿತು ಬಾಲ. “ಆ ಮಾತು ಹುಟ್ಟಿದ್ದೇ ನನ್ನಂಥವರನ್ನು ಕಂಡು. ನನ್ನ ಕುಣಿತ ನೋಡಿ, ಅಲ್ಲಿ ಕಲ್ಲಿನಂತೆ ಕೂತ ಹಲ್ಲಿಯನ್ನೂ ನೋಡಿ!”

ಪಂಡಿತರು ‘ಬಿಡುವಿಲ್ಲದ ಕುಣಿತ’ ಎಂದು ಬರೆದರು. ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವೆಂದು ನಂಬಿದವರು ಅವರು, ತಲೆಯೆತ್ತಿ ಕಾದರು. ಹಲ್ಲಿ ಲೊಚಗುಟ್ಟಲಿಲ್ಲ.

“ಏಕೆ ಸುಮ್ಮನಿದ್ದೀಯೆ?” ಎಂದು ಕೇಳಿದರು.

“ಸ್ವಲ್ಪ ತಾಳಿ ಸ್ವಾಮಿ,” ಎಂದಿತು ಹಲ್ಲಿ. “ಅದು ಒಮ್ಮೆ ನಿಲ್ಲಲಿ. ನಿಂತ ಮೇಲೆ ಮತ್ತೆ ಎದ್ದರೆ ನಾನೇ ಸಾಕ್ಷಿ ಹೇಳುತ್ತೇನೆ.”

“ನಿಲ್ಲುವುದೇ? ನಾನೇ?” ಎಂದ ಬಾಲ ಅಷ್ಟು ಹೇಳುವುದರೊಳಗೆ ನಿಂತುಹೋಯಿತು. ಬೆಕ್ಕು ಅದನ್ನು ಮೂಸಿ ನೋಡಿ ಹೊರಟುಹೋಯಿತು. ಪಂಡಿತರು ಲೇಖನಿಯ ತುದಿಯಿಂದ ತಿವಿದರು, ಅಲುಗಲಿಲ್ಲ.

ಅದೇ ಗಳಿಗೆಗೆ ತೊಲೆಯ ಬಳಿ ಒಂದು ನೊಣ ಸುಳಿಯಿತು. ಕಲ್ಲಿನಂತಿದ್ದ ಹಲ್ಲಿ ಚಂಗನೆ ನೆಗೆದು ಅದನ್ನು ನುಂಗಿತು.

ಪಂಡಿತರು ಬರೆದದ್ದನ್ನು ಹೊಡೆದುಹಾಕಿದರು. ಆಗ ಹಲ್ಲಿ ಲೊಚಗುಟ್ಟಿತು.