ಹಿಂದೆ ಬರುವವರ ಗೋಧಿ

“ಗುರುಗಳೇ, ನಾಯಕನೊಬ್ಬ ಸತ್ತ ಮೇಲೆ ಅವನದ್ದು ಅಂತ ಉಳಿಯುವುದೇನು?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಅಮೆರಿಕದಲ್ಲಿ ಮಾರ್ಮನ್ ಎಂಬ ಪಂಥದವರಿದ್ದರು. ಅವರ ನಂಬಿಕೆಯನ್ನು ಸುತ್ತಲಿನವರು ಸಹಿಸಲಿಲ್ಲ. ಮನೆಗಳಿಗೆ ಬೆಂಕಿಯಿಟ್ಟು ಓಡಿಸಿದರು. ಆಗ ಅವರ ತಂಡವೊಂದರ ಮುಂದಾಳು ಎದ್ದು, “ಯಾರಿಗೂ ಬೇಡವಾದ ನೆಲಕ್ಕೇ ಹೋಗೋಣ. ಅಲ್ಲಿಂದ ನಮ್ಮನ್ನು ಯಾವನು ಓಡಿಸುತ್ತಾನೆ ನೋಡೋಣ!” ಎಂದ. ಎತ್ತಿನ ಗಾಡಿಗಳು ಪಡುವಣಕ್ಕೆ ಹೊರಟವು.

ಮೊದಲ ತಂಡದಲ್ಲಿ ಒಬ್ಬ ರೈತನಿದ್ದ. ಅವನ ಗಾಡಿಯಲ್ಲಿ ಹೆಂಡತಿ, ಮಕ್ಕಳು, ಒಂದೇ ಒಂದು ಚೀಲ ಬಿತ್ತನೆ ಗೋಧಿ. ಜ್ವರದಲ್ಲಿ ಮಲಗಿದ್ದ ಅಕ್ಕನನ್ನು ಅವನು ಹಿಂದೆ ಬಿಟ್ಟು ಬಂದಿದ್ದ. ಅವಳು ಕೊನೆಯ ತಂಡದ ಜೊತೆ ಬರಬೇಕಿತ್ತು.

ನಡುದಾರಿಯಲ್ಲಿ ಮುಂದಾಳು ಗಾಡಿಗಳನ್ನು ನಿಲ್ಲಿಸಿದ. “ಇಲ್ಲಿ ಉತ್ತು, ಅರ್ಧ ಚೀಲ ಬಿತ್ತಿ, ಮುಂದಕ್ಕೆ ನಡೆಯಿರಿ.”

ರೈತನ ಮೈ ಉರಿಯಿತು. “ನನ್ನ ಮಕ್ಕಳ ಅನ್ನವನ್ನು ದಾರಿಹೋಕರಿಗೆ ಚೆಲ್ಲಲೇನಯ್ಯಾ?”

“ಹಿಂದೆ ಬರುವವರೂ ನಮ್ಮ ಹಾಗೆ ಮನೆ ಕಳೆದುಕೊಂಡವರೇ,” ಎಂದು ಮುಂದಾಳು ತಾನೇ ನೇಗಿಲು ಹಿಡಿದ.

ರೈತ ಬೈಯುತ್ತಲೇ ಬಿತ್ತಿದ.

ಕೊನೆಗೆ ಯಾರಿಗೂ ಬೇಡದ ಉಪ್ಪು ನೆಲ ಸಿಕ್ಕಿತು. ಕಾಲುವೆ ತೋಡಿ ನೀರು ತಂದರು. ಆ ಚಳಿಗಾಲದಲ್ಲೇ ಮುಂದಾಳು ಸತ್ತ. ಮರುವರ್ಷವೂ ಅಕ್ಕ ಬರಲಿಲ್ಲ. ಹಸಿವಿನಿಂದ ದಾರಿಯಲ್ಲೇ ಹೋಗಿಬಿಟ್ಟಳೇನೋ ಎಂದು ರೈತ ಹೆದರಿದ. ಖಾಲಿ ಗಾಡಿ ಕಟ್ಟಿ ಹಗಲಿರುಳು ಹಿಂದಕ್ಕೆ ಓಡಿಸಿದ.

ನಡುದಾರಿಯ ಅದೇ ಹೊಲದಲ್ಲಿ ಅಕ್ಕ ನಿಂತಿದ್ದಳು. ಮಡಿಲಲ್ಲಿ ಗೋಧಿ ತುಂಬಿಕೊಂಡು ಬಿತ್ತುತ್ತಿದ್ದಳು!

“ಅಕ್ಕಾ! ಬದುಕಿದ್ದೀಯಾ! ಗಾಡಿ ಹತ್ತು!”

“ತಡಿಯೋ, ಈ ಸಾಲು ಮುಗಿಯಲಿ. ನಾವು ಬಂದಾಗ ಇಲ್ಲಿ ಪೈರು ನಿಂತಿತ್ತು. ಕೊಯ್ದು ತಿಂದೆವು. ತಿಂದು ಸುಮ್ಮನೆ ಎದ್ದುಹೋಗಲು ನಾವೇನು ಮಿಡತೆಗಳೇ?”

ರೈತ ಎದೆಯುಬ್ಬಿಸಿದ. “ಅದು ನಾನು ಬಿತ್ತಿದ್ದು ಕಣೇ!”

ಅಕ್ಕ ನಕ್ಕಳು. “ನಿನ್ನದನ್ನು ಹೋದ ವರ್ಷವೇ ಬೇರೆಯವರು ತಿಂದು ಮುಗಿಸಿದರು. ನಾವು ತಿಂದದ್ದು ಅವರು ಬಿತ್ತಿ ಹೋದದ್ದು.”

ರೈತ ಗಾಡಿಯಿಂದ ಧುಮುಕಿದ. ಅವಳ ಮಡಿಲಿನಿಂದ ಒಂದು ಹಿಡಿ ತೆಗೆದುಕೊಂಡು ಪಕ್ಕದ ಸಾಲಿಗೆ ಇಳಿದ.

ಕತೆ ನಿಂತಿತು. ಶಿಷ್ಯ ಸಂಭ್ರಮದಿಂದ ಎದ್ದು, “ಎಂಥ ಮನುಷ್ಯ! ಆ ಮುಂದಾಳಿನ ಹೆಸರೇನು ಗುರುಗಳೇ?” ಎಂದ.

“ಬೆಳಿಗ್ಗೆ ನೀನು ತಿಂದ ರೊಟ್ಟಿಯ ಜೋಳ ಬೆಳೆದವನ ಹೆಸರು ಮೊದಲು ಹೇಳು,” ಎಂದರು ಗುರು.