ಕಲ್ಲು ಕಾಣದ ಟೈರು

ಹೊಳೆ ದಂಡೆಯ ಮೇಲೆ ಒಂದು ಆಶ್ರಮ. ನಾಲ್ಕು ಹೆಂಚಿನ ಕೋಣೆ, ಒಂದು ಹೊಂಗೆಮರ, ಮದ್ದು ಅರೆಯುವ ಕಲ್ಲು, ಎಣ್ಣೆ ಕಾಯಿಸುವ ಒಲೆ. ಅಲ್ಲಿನ ಗುರುಗಳನ್ನು ಎಲ್ಲರೂ ಬುದ್ಧಿಯವರು ಅನ್ನುತ್ತಿದ್ದರು. ನಂಜೇದೇವ ಅವರ ಶಿಷ್ಯ. ವಯಸ್ಸು ಇಪ್ಪತ್ತೆಂಟು, ಮಾತು ಮಾತ್ರ ನಾಲ್ಕು ಜನದ್ದು.

ಅಂಥ ಆಶ್ರಮದಲ್ಲಿ ಒಂದು ಮೋಟಾರ್‌ಸೈಕಲ್ಲೂ ಇತ್ತು ಅಂದರೆ ನಗಬೇಡಿ. ಇತ್ತು. ಅದೂ ಮಾಮೂಲಿ ಗಾಡಿಯಲ್ಲ. ಕುದುರೆಯಷ್ಟು ಎತ್ತರ, ಮುಂದೆ ಗಾಳಿ ತಡೆಯುವ ಗಾಜು, ಎರಡೂ ಪಕ್ಕ ತಗಡಿನ ಪೆಟ್ಟಿಗೆ. ಕಾಡು, ಗುಡ್ಡ, ಹಳ್ಳ ಎಲ್ಲಿ ಬೇಕಾದರೂ ನುಗ್ಗಲಿ ಅಂತ ಮಾಡಿದ್ದು. ದೂರದ ಭಕ್ತರೊಬ್ಬರು ಸೊಂಟ ಹಿಡಿದುಕೊಂಡು ಬಂದವರು ಎಣ್ಣೆ ತಿಕ್ಕಿಸಿಕೊಂಡು ನೆಟ್ಟಗಾದರು. ಇನ್ನು ಈ ಗಾಡಿಯ ಸಹವಾಸವೇ ಬೇಡಪ್ಪ ಅಂತ ಅದನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದರು.

ಗಾಡಿಗೆ ಕೆಲಸವೂ ಸಿಕ್ಕಿತು. ಎದುರಿನ ಗುಡ್ಡದ ಮೇಲೆ ಒಂದು ಪುಟ್ಟ ಊರು, ಹದಿನಾರು ಮನೆ. ಟಾರು ರೋಡು ಗುಡ್ಡದ ಬುಡದ ಟೀ ಅಂಗಡಿಗೇ ಮುಗಿಯುತ್ತಿತ್ತು, ಅಲ್ಲಿಂದ ಮೇಲಕ್ಕೆ ಮೂರು ಮೈಲಿ ಬರೀ ಕಲ್ಲು. ಪ್ರತಿ ಗುರುವಾರ ನಂಜೇದೇವ ಆ ಹದಿನಾರು ಮನೆಗೂ ಮದ್ದು ಮುಟ್ಟಿಸಬೇಕು. ಹೆಚ್ಚಿನದು ಮಂಡಿನೋವಿನ ಎಣ್ಣೆ. ಹತ್ತಿ ಇಳಿದು ಅಲ್ಲಿಯವರ ಮಂಡಿಗಳು ಕೈ ಕೊಟ್ಟಿದ್ದವು.

ಎಂಟು ತಿಂಗಳು ಹೀಗೇ ನಡೆಯಿತು. ಗುರುವಾರ ಸಂಜೆ ಊಟಕ್ಕೆ ಕೂತರೆ ನಂಜೇದೇವನ ಗುಡ್ಡದ ಕಥೆ ಶುರು. ಅಡ್ಡ ನಿಂತ ಆನೆ, ಉರುಳಿ ಬಂದ ಬಂಡೆ, ಸೀಟಿನಿಂದ ಎದ್ದು ನಿಂತು ಓಡಿಸಿದ ತಿರುವು. ಬುದ್ಧಿಯವರು ನಗುತ್ತಾ ಕೇಳುವರು. ಪಾಪ ದಣಿದು ಬಂದಿದ್ದಾನೆ ಅಂತ ಬಡಿಸುವವರು ಅವನ ಎಲೆಗೇ ಮೊದಲು ಬಡಿಸುವರು. ಅವನೂ ಬೇಡ ಅನ್ನುತ್ತಿರಲಿಲ್ಲ.

ಹೀಗಿರುವಾಗ ಗಾಡಿಯ ಟೈರು ಸವೆದವು.

ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಹೊಸದು ಏನೇ ಬೇಕಾದರೂ ಮೊದಲು ಸವೆದದ್ದನ್ನು ಬುದ್ಧಿಯವರಿಗೆ ತೋರಿಸಿ, ಇದು ಎಲ್ಲೆಲ್ಲಿ ಹೇಗೆ ದುಡಿಯಿತು ಅಂತ ಹೇಳಬೇಕು. ಪೊರಕೆಯಾದರೂ ಸರಿ, ಕುಡುಗೋಲಾದರೂ ಸರಿ. ಅವರು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಹೊಸದಕ್ಕೆ ಹೂಂ ಅನ್ನುವರು. ಒಂದೇ ಪಕ್ಕ ಸವೆದ ಪೊರಕೆ ನೋಡಿ, ನಿನ್ನ ಬಲಭುಜ ನೋಯುತ್ತಾ ತಾಯಿ ಅಂತ ಕಸ ಗುಡಿಸುವವಳನ್ನು ಕೇಳಿದ್ದವರು ಅವರು.

ನಂಜೇದೇವ ಬೆಳಿಗ್ಗೆ ಹೊಂಗೆಮರದ ಕೆಳಗೆ ಕೂತು ಹಿಂದಿನ ಚಕ್ರದ ಟೈರನ್ನು ನೋಡಿದ.

ಅದು ಬಟನ್ ಟೈರು. ಮಣ್ಣು ಕಲ್ಲು ಕಚ್ಚಲಿ ಅಂತ ಮೈತುಂಬ ರಬ್ಬರಿನ ಗಟ್ಟಿಗಳಿರುತ್ತವಲ್ಲ, ಅಂಥದ್ದು. ನಡುಮಧ್ಯದ ಬಟನ್ನುಗಳು ಟಾರಿಗೆ ಉಜ್ಜಿ ಉಜ್ಜಿ ಚಪ್ಪಟೆಯಾಗಿದ್ದವು. ಅಂಚಿನವು ಅಂಗಡಿಯಿಂದ ತಂದ ಹಾಗೇ ಇದ್ದವು. ಒಂದರ ಮೂಲೆಯೂ ಮುರಿದಿರಲಿಲ್ಲ. ಎಲ್ಲೂ ಒಂದು ಕಲ್ಲಿನ ಗಾಯ ಇರಲಿಲ್ಲ.

ಇರೋದಾದರೂ ಹೇಗೆ? ಗುಡ್ಡ ಹತ್ತಿದ್ದರೆ ತಾನೆ.

ಮೊದಲ ಗುರುವಾರ ಹೋಗಿದ್ದ, ಸುಳ್ಳಲ್ಲ. ಮೊದಲ ತಿರುವಿನಲ್ಲೇ ಗಾಡಿ ಜಾರಿ ಕಾಲ ಮೇಲೆ ಬಿತ್ತು. ಮೇಲಿನೂರಿನ ಜಡೇಮಾದಮ್ಮ ಅನ್ನುವ ಮುದುಕಿ ಸೌದೆ ಹೊತ್ತು ಬರುತ್ತಿದ್ದವಳು, ಹೊರೆ ಇಳಿಸಿ ಅವನ ಜೊತೆ ಗಾಡಿ ಎತ್ತಿಸಿದಳು. ಅವತ್ತು ಅವನಿಗೆ ಜೀವ ಬಾಯಿಗೆ ಬಂದಿತ್ತು. ಆಮೇಲೆ ಆ ಕಲ್ಲುದಾರಿಗೆ ಚಕ್ರ ಇಡಲಿಲ್ಲ. ಮದ್ದಿನ ಚೀಲ ಟೀ ಅಂಗಡಿಯಲ್ಲಿಟ್ಟು, ಮೇಲಿನವರು ಬಂದರೆ ಕೊಡಿ ಅಂತ ಹೇಳಿ, ಗುಡ್ಡ ಹತ್ತಿ ಇಳಿಯುವಷ್ಟು ಹೊತ್ತು ಅಲ್ಲೇ ಟೀ ಕುಡಿಯುತ್ತಾ ಕೂತು ವಾಪಸು ಬರುತ್ತಿದ್ದ. ಮಂಡಿನೋವಿನ ಎಣ್ಣೆಗೆ ಮಂಡಿನೋವಿನವರೇ ಮೂರು ಮೈಲಿ ಇಳಿದು ಬರಬೇಕು, ಮತ್ತೆ ಹತ್ತಬೇಕು. ಇದು ಅವನಿಗೆ ಗೊತ್ತಿರಲಿಲ್ಲ ಅಂತೇನೂ ಇಲ್ಲ. ಗೊತ್ತಿತ್ತು.

ಈಗಲಾದರೂ ಹೋಗಿ ನಿಜ ಹೇಳಬಾರದೇ? ಇಲ್ಲ. ಆ ಮಹಾರಾಯ ಹೊಳೆಗೆ ಹೋಗಿ ಎರಡು ಬೊಗಸೆ ಕೆಸರು ತಂದು ಎರಡೂ ಟೈರಿಗೆ ಚೆನ್ನಾಗಿ ಮೆತ್ತಿದ.

ಬುದ್ಧಿಯವರು ಬಂದರು. ನಂಜೇದೇವ ಗಾಡಿಗೆ ಡಬಲ್ ಸ್ಟ್ಯಾಂಡ್ ಹಾಕಿ, ಕೈ ಕಟ್ಟಿಕೊಂಡು, ಟೈರು ಗುಡ್ಡದಲ್ಲಿ ಪಟ್ಟ ಪಾಡನ್ನೆಲ್ಲ ಹೇಳಿದ. ಈ ಸಲ ಇನ್ನೂ ದಪ್ಪ ಬಟನ್ನಿಂದೇ ಹಾಕಿಸಬೇಕು ಅಂದ. ರೋಡ್ ಟೈರು ಕೇಳಿದರೆ ಯಾಕೆ ಅನ್ನುವ ಮಾತು ಬರುತ್ತದಲ್ಲ.

ಅವರು ಟೈರು ಮುಟ್ಟಲು ಬಗ್ಗಿದರು. ಕೈಗೆ ಕೆಸರು ಹತ್ತಿತು.

"ಒಂದು ಬಿಂದಿಗೆ ನೀರು ತಾ," ಅಂದರು. "ಕೆಸರನ್ನ ಕಣ್ಣಿಗೆ ಒತ್ತಿಕೊಳ್ಳೋದು ಹೇಗೆ?"

ನಂಜೇದೇವ ಅಷ್ಟು ಮುಂದಕ್ಕೆ ಯೋಚಿಸಿರಲಿಲ್ಲ. ನಾನೇ ತೊಳೀತೀನಿ ಅಂತ ಮುಂದೆ ಬಂದ. ಅವರು ಬೇಡ ಅಂದರು.

ಎಪ್ಪತ್ತು ದಾಟಿದವರು ಮಣ್ಣಲ್ಲಿ ಕುಕ್ಕರಗಾಲಲ್ಲಿ ಕೂತು, ಚಕ್ರವನ್ನು ಒಂದೊಂದು ಗೇಣು ತಿರುಗಿಸುತ್ತಾ ಟೈರು ತೊಳೆದರು. ನೀರು ಹಾಕುವುದು, ಬೆರಳಿನಿಂದ ಉಜ್ಜುವುದು, ತಿರುಗಿಸುವುದು. ನಂಜೇದೇವನಿಗೆ ತನ್ನ ಬಟ್ಟೆಯನ್ನೇ ಒಂದೊಂದಾಗಿ ಬಿಚ್ಚುತ್ತಿರುವ ಹಾಗಾಯಿತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅಂಚಿನಲ್ಲಿ ಅವರ ಬೆರಳು ನಿಂತಿತು. ಸಣ್ಣ ಕೂದಲಿನಂಥ ರಬ್ಬರ್ ಎಳೆಯೊಂದನ್ನು ಎರಡು ಬೆರಳಲ್ಲಿ ಹಿಡಿದು, ಇದೇನು ಅಂತ ಕೇಳಿದರು.

"ಹೊಸ ಟೈರಲ್ಲಿ ಇರುತ್ತೆ ಬುದ್ಧಿ. ಓಡ್ತಾ ಓಡ್ತಾ ಉದುರುತ್ತೆ."

ಅವರು ಹೆಗಲ ವಸ್ತ್ರದಿಂದ ಟೈರು ಒರೆಸಿದರು. ಚಪ್ಪಟೆಯಾದ ನಡುಭಾಗವನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡರು.

"ಟಾರಿನ ಮೇಲೆ ಚೆನ್ನಾಗಿ ದುಡಿದಿದೆ," ಅಂದರು.

ನಂಜೇದೇವ ಅವರ ಕಾಲ ಹತ್ತಿರ ಕುಸಿದು ಕೂತ. ಬಿದ್ದದ್ದು, ಹೆದರಿದ್ದು, ಟೀ ಅಂಗಡಿ, ಆನೆ, ಬಂಡೆ, ಕೊನೆಗೆ ಇವತ್ತಿನ ಕೆಸರು, ಎಲ್ಲವನ್ನೂ ಹೇಳಿಬಿಟ್ಟ. ಹೇಳುವಾಗ ಒಮ್ಮೆಯೂ ಅವರ ಮುಖ ನೋಡಲಾಗಲಿಲ್ಲ. ನಾಳೆಯಿಂದಲೇ ಸರಿಮಾಡುತ್ತೇನೆ ಅಂದ. ಒಳ್ಳೆಯ ಬಟನ್ ಟೈರು ಹಾಕಿಸಿ ಗಾಡಿಯನ್ನು ಗುಡ್ಡದ ತುದಿಗೇ ಹತ್ತಿಸುತ್ತೇನೆ, ನಿಮ್ಮಾಣೆ ಅಂದ.

"ಹತ್ತಿಸೋಕೆ ಬರುತ್ತಾ?"

"ಬರಲ್ಲ ಬುದ್ಧಿ," ಅಂದ ನಂಜೇದೇವ.

"ಸರಿ. ಹೋಗಿ ಟೈರು ಹಾಕಿಸಿಕೊಂಡು ಬಾ."

"ಯಾವುದು ಬುದ್ಧಿ?"

"ಅಂಗಡಿಯವನು ಕೇಳ್ತಾನೆ. ಅವನಿಗೆ ಹೇಳು."

ಪೇಟೆಯ ಟೈರ್ ಅಂಗಡಿ ಇನಾಯತ್‌ನದು. ನಂಜೇದೇವನ ಗುಡ್ಡದ ಕಥೆಗಳು ಅಲ್ಲಿಯವರೆಗೂ ಹೋಗಿದ್ದವು. ಅವತ್ತು ಅಂಥದೇ ಎತ್ತರದ ಗಾಡಿಯ ಇಬ್ಬರು ಯುವಕರು ಅಂಗಡಿಯಲ್ಲಿದ್ದರು. ಇನಾಯತ್ ಅವರಿಗೆ ಇವನನ್ನು ತೋರಿಸಿ, ಆ ಕಲ್ಲುಗುಡ್ಡಕ್ಕೆ ವಾರವಾರ ಹತ್ತುವವರು ಇವರೇ ಅಂದ. ಅವರು ಎದ್ದು ನಿಂತು ಕೈ ಕುಲುಕಿದರು.

ಇನಾಯತ್ ಎರಡು ಥರದ ಟೈರು ತಂದು ಮುಂದಿಟ್ಟ. ಬಟನ್ನಿಂದು ನೋಡಲು ಭರ್ಜರಿ, ಆದರೆ ಟಾರಿನ ಮೇಲೆ ಗುಂಯ್ ಅಂತ ಸದ್ದು, ಮಳೆಯಲ್ಲಿ ಹಿಡಿತ ಕಮ್ಮಿ, ಬೇಗ ಸವೆಯುತ್ತದೆ. ರೋಡ್ ಟೈರು ಟಾರಿನ ಮೇಲೆ ಒದ್ದೆಯಲ್ಲೂ ಅಂಟಿಕೊಂಡು ಓಡುತ್ತದೆ, ಕಲ್ಲುದಾರಿಗೆ ಆಗಿಬರುವುದಿಲ್ಲ. ಹೀಗೆಲ್ಲ ವಿವರಿಸಿ, ನಿಮಗೆ ಇದನ್ನೆಲ್ಲ ಹೇಳಬೇಕೇ ಅಂತ ನಕ್ಕ. ಆಮೇಲೆ ಅಭ್ಯಾಸಬಲದಿಂದ ಎಲ್ಲರನ್ನೂ ಕೇಳುವ ಮಾತು ಕೇಳಿದ. "ಗಾಡಿ ಎಷ್ಟು ಟಾರು, ಎಷ್ಟು ಮಣ್ಣು?"

ಬಟನ್ ಟೈರಿನ ಕಡೆ ಬೆರಳು ತೋರಿಸಿದ್ದರೆ ಮುಗಿದಿತ್ತು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಕೈ ಅರ್ಧ ಎದ್ದೂ ಇತ್ತು.

"ಪೂರ್ತಿ ಟಾರು," ಅಂದ ನಂಜೇದೇವ.

"ಮತ್ತೆ ಗುಡ್ಡ?"

"ಗುಡ್ಡಕ್ಕೆ ಒಂದೇ ಸಲ ಹೋಗಿದ್ದು. ಬಿದ್ದೆ. ಮಿಕ್ಕಿದ್ದೆಲ್ಲ ಸುಳ್ಳು."

ಯುವಕರಲ್ಲೊಬ್ಬ ತನ್ನ ಹೆಲ್ಮೆಟ್ ನೋಡುತ್ತಾ ಕೂತ. ಇನ್ನೊಬ್ಬನಿಗೆ ಫೋನು ನೆನಪಾಯಿತು. ಇನಾಯತ್ ಬಟನ್ ಟೈರನ್ನು ಒಳಗಿಟ್ಟು ಬಂದ. ಟೈರು ಬದಲಾಯಿಸುವ ಒಂದು ಗಂಟೆ ಹೊತ್ತು ನಂಜೇದೇವ ಅಂಗಡಿಯ ಗೋಡೆ ನೋಡುತ್ತಾ ನಿಂತಿದ್ದ. ಕಿವಿ ಎರಡೂ ಕಾದುಹೋಗಿದ್ದವು.

ಗುರುವಾರ ಬಂತು. ಹೊಸ ಟೈರು ಸದ್ದಿಲ್ಲದೆ ಅವನನ್ನು ಟೀ ಅಂಗಡಿಯವರೆಗೆ ತಂದು ಬಿಟ್ಟಿತು. ಅಲ್ಲಿ ಗಾಡಿ ನಿಲ್ಲಿಸಿ, ಮದ್ದಿನ ಚೀಲ ಬೆನ್ನಿಗೆ ಹಾಕಿಕೊಂಡು, ಕಲ್ಲುದಾರಿಯಲ್ಲಿ ಕಾಲ್ನಡಿಗೆಯಲ್ಲಿ ಹೊರಟ. ತಾನು ಬಿದ್ದ ತಿರುವು ಸಿಕ್ಕಿತು, ದಾಟಿದ. ಒಂದು ಮೈಲಿಗೇ ಏದುಸಿರು ಬಂತು.

ಅರ್ಧ ದಾರಿಯಲ್ಲಿ ಜಡೇಮಾದಮ್ಮ ಎದುರಾದಳು. ಇಳಿಯುತ್ತಿದ್ದಳು. ನಡೆದಲ್ಲ. ಬಂಡೆ ಬಂದಲ್ಲಿ ಕೂತು, ಎರಡೂ ಕೈ ಊರಿ, ಕೂತಹಾಗೇ ಕೆಳಕ್ಕೆ ಜಾರಿ, ಮತ್ತೆ ಕೋಲು ಹಿಡಿದು ಏಳುತ್ತಿದ್ದಳು.

ನಂಜೇದೇವ ನಿಂತಲ್ಲೇ ನಿಂತ. ಇದನ್ನು ಅವನು ಎಂಟು ತಿಂಗಳಲ್ಲಿ ಒಂದು ಸಲವೂ ನೋಡಿರಲಿಲ್ಲ.

ಗಾಡಿ ಕೆಟ್ಟೋಯ್ತಾ ನನ್ನಪ್ಪ, ಯಾಕೆ ನಡ್ಕೊಂಡು ಬಂದೆ ಅಂತ ಅವಳೇ ಮರುಗಿದಳು.

"ಗಾಡಿ ಚೆನ್ನಾಗಿದೆ ಅಮ್ಮ. ನನಗೇ ಭಯ. ಅದಕ್ಕೇ ಇಷ್ಟು ದಿನ ಬರಲಿಲ್ಲ."

"ಗೊತ್ತು ಕನಪ್ಪ. ಅವತ್ತು ನಿನ್ನ ಕೈ ನಡುಗ್ತಿದ್ದುದ ನೋಡ್ನಿಲ್ವ ನಾನು? ಬುದ್ಧಿಯೋರ್ಗೆ ಯಾರೂ ಹೇಳ್ಬ್ಯಾಡಿ, ಮಗ ಬೈಸ್ಕತನೆ ಅಂತ ಊರೋರ್ಗೆಲ್ಲ ನಾನೇ ಹೇಳಿದ್ದಿ."

ನಂಜೇದೇವ ಅವಳನ್ನು ಬಂಡೆಯ ಮೇಲೆ ಕೂರಿಸಿ ಅವಳ ಮಂಡಿಗೆ ಎಣ್ಣೆ ತಿಕ್ಕಿದ. ಮಂಡಿ ಊದಿ ಬಿಸಿಯಾಗಿತ್ತು. ಸಾಕು ಬುಡಪ್ಪ ಅಂತ ಅವಳು ಕಾಲು ಎಳೆದುಕೊಳ್ಳುತ್ತಿದ್ದಳು, ಇವನು ಬಿಡಲಿಲ್ಲ. ಕಣ್ಣೀರು ಮೂಗಿನ ತುದಿಗೆ ಬಂದರೂ ಕೈಯೆಲ್ಲ ಎಣ್ಣೆ, ಒರೆಸಿಕೊಳ್ಳುವ ಹಾಗಿರಲಿಲ್ಲ. ಆಮೇಲೆ ಅವಳ ತೋಳು ಹಿಡಿದು ಮೇಲಕ್ಕೆ ಹತ್ತಿಸಿ, ಹದಿನಾರು ಮನೆಯ ಬಾಗಿಲಿಗೂ ಹೋಗಿ ಮದ್ದು ಕೊಟ್ಟ. ಪ್ರತಿ ಬಾಗಿಲಲ್ಲೂ ನೀರು ಕೊಟ್ಟರು. ಇಷ್ಟು ದಿನ ಯಾಕೆ ಬರಲಿಲ್ಲ ಅಂತ ಯಾರೂ ಕೇಳಲಿಲ್ಲ.

ಸಂಜೆ ಆಶ್ರಮಕ್ಕೆ ಬಂದವನು ನೆಟ್ಟಗೆ ಬುದ್ಧಿಯವರ ಮುಂದೆ ನಿಂತು ಜಡೇಮಾದಮ್ಮ ಇಳಿಯುತ್ತಿದ್ದ ರೀತಿ ಹೇಳಿದ, ಅವಳು ಅಂದದ್ದನ್ನೂ ಹೇಳಿದ.

"ಆಯಮ್ಮ ಬೈಯಲಿಲ್ಲ ಬುದ್ಧಿ. ನೀವೂ ಬೈಯಲಿಲ್ಲ. ನಾಚಿಕೆ ತಡೆಯೋಕಾಗ್ತಿಲ್ಲ. ಏನಾದರೂ ಶಿಕ್ಷೆ ಕೊಡಿ."

"ಶಿಕ್ಷೆ ಕೊಡೋಕೆ ನನಗೆಲ್ಲಿದೆ ಮುಖ?" ಅಂದರು ಬುದ್ಧಿಯವರು. "ಎಂಟು ತಿಂಗಳು ನಿನ್ನ ಆನೆ ಕಥೆ ಕೇಳಿ ನಕ್ಕೆ. ಆಯಮ್ಮನ ಮಂಡಿ ಹೇಗಿದೆ ಅಂತ ಒಂದು ದಿನ ಕೇಳಲಿಲ್ಲ."

ನಂಜೇದೇವ ತಲೆ ಎತ್ತಿದ. ಅವರು ನೆಲ ನೋಡುತ್ತಾ ಕೂತಿದ್ದರು.

"ಬರೋ ಗುರುವಾರ ನಾನೂ ಬರ್ತೀನಿ," ಅಂದರು. "ನೀನು ಮುಂದೆ ನಡಿ. ನನಗೆ ಆ ದಾರಿ ಗೊತ್ತಿಲ್ಲ."